ಡ್ರಮ್ಮಿನಲ್ಲಿ ಜಾಗ

ಘಲಾದ ಹಿಂದಿನ ಬೀದಿ, ಮಸ್ಕತ್ತು.
ಬೆಳಗಿನ ನಾಲ್ಕಕ್ಕೇ ಮೂವತ್ತಾರು ಡಿಗ್ರಿ;
ಬಾಯ್ಲರಿನ ಬಳಿ ಅದನ್ನು ಯಾರೂ ಸೆಕೆ ಅನ್ನುವುದಿಲ್ಲ.

ನಾನು, ಕಾಪುವಿನ ಶೀನ ಮಡಿವಾಳ,
ಒಂದು ಇಸ್ತ್ರಿಪೆಟ್ಟಿಗೆಯಿಂದ ಶುರುಮಾಡಿ
ನೂರ ಹನ್ನೊಂದು ಜನರ ಲಾಂಡ್ರಿ ಕಟ್ಟಿದವ,
ಒಂದು ದಿನ ಕೂಲರಿನ ಹತ್ತಿರ ನೀರು ಕುಡಿಯುತ್ತಿದ್ದ ಹುಡುಗನನ್ನು
"ಯಾವ ಕಂಪನಿಯಪ್ಪಾ ನೀನು?" ಅಂದೆ.
ಲೋಟ ಕೆಳಗಿಟ್ಟು, ಎರಡೂ ಕೈ ಒರೆಸಿಕೊಂಡು
"ನಿಮ್ಮದೇ, ಸೇಟ್" ಅಂದ.

ಆ ರಾತ್ರಿ ಊಟ ಸೇರಲಿಲ್ಲ.
ಗೊತ್ತಿಲ್ಲದ್ದೇನಲ್ಲ, ಬಿಡಿ:
ಆಸ್ಪತ್ರೆಯ ಚಾದರದೊಳಗೆ ಹೋಟೆಲಿನ ಟವೆಲು,
ಎಣ್ಣೆಬಾವಿಯ ಡಾಂಗರಿಯ ಗ್ರೀಸು
ಯಾರದೋ ಮದುವೆಯ ಬಿಳಿ ದಿಶ್‌ದಾಶಕ್ಕೆ,
ತಪ್ಪು ಯಾರದೆಂದರೆ ನೂರ ಹತ್ತು ಬೆರಳು
ನೂರ ಹತ್ತು ದಿಕ್ಕಿಗೆ.
ಬಾತ ಕಾಲನ್ನು ಬೆಳೆದ ಕಾಲು ಅಂದುಕೊಂಡಿದ್ದೆ.

ಬಟ್ಟೆ ಒಗೆಯುವ ಕುಲದವನಿಗೆ ತಿಳಿದಿರಬೇಕಿತ್ತು.
ಡ್ರಮ್ಮು ಮುಕ್ಕಾಲೇ ತುಂಬಬೇಕು.
ಬಟ್ಟೆ ಕೊಳೆ ಬಿಡುವುದು ಸೋಪಿಗಲ್ಲ,
ಮೇಲೇರಿ ಬೀಳುವ ಆ ಒಂದು ಗೇಣಿಗೆ.
ಒತ್ತಿ ತುಂಬಿದರೆ ಒಟ್ಟಿಗೇ ಸುತ್ತುತ್ತವೆ,
ಒಟ್ಟಿಗೇ ಕೊಳಕಾಗಿ ಹೊರಬರುತ್ತವೆ.

ಪಾಲುದಾರ ಹಮೂದನ ತೋಟ ಬರ್ಕಾದಲ್ಲಿ.
ಶುಕ್ರವಾರ ಅವನು ಖರ್ಜೂರದ ಬುಡಕ್ಕೆ ಕೂತು
ಮರಿಗಳನ್ನು ಉಳಿಯಿಂದ ಬಿಡಿಸುತ್ತಿದ್ದ.
"ಎಲ್ಲ ಕಾಲಡಿಯಲ್ಲೇ ಇಟ್ಟುಕೊಂಡ ತಾಯಿ ಕಾಯಿ ಬಿಡಲ್ಲ,"
ಹರಕು ಹಿಂದಿಯಲ್ಲಿ ಅಂದ. ಒಂದು ಮರಿಯ ಮಣ್ಣು ಕೆದಕಿ ನೋಡಿ
ಮತ್ತೆ ಮುಚ್ಚಿದ. "ಇದಕ್ಕಿನ್ನೂ ಸ್ವಂತ ಬೇರಿಲ್ಲ. ಬರುವ ವರ್ಷ."

ಭಾನುವಾರದಿಂದ ನಾನೂ ಕೆದಕಿ ನೋಡತೊಡಗಿದೆ.
ಆಸ್ಪತ್ರೆಯ ಬಟ್ಟೆ ಕಣ್ಣೂರಿನ ವಿಲಾಸಿನಿಗೆ:
ರಕ್ತದ ಕಲೆಗೆ ತಣ್ಣೀರು ಎಂದು ನನಗೇ ಗದರಿದವಳು.
ಕಾರ್ಪೆಟ್ಟು ಬಲೂಚಿ ದಾದ್ ರಹೀಮನಿಗೆ.
ಡಾಂಗರಿ, ಕ್ಯಾಂಪುಗಳ ಲೆಕ್ಕ, ಮೂರು ಪಿಕಪ್ಪು
ಸಿಲೆಟ್ಟಿನ ಮುಕದ್ದಸನಿಗೆ.
ತನಗೇನೂ ಇಲ್ಲವೇ, ಅಂದ ಅಕೌಂಟೆಂಟ್ ಬ್ಯಾಪ್ಟಿಸ್ಟ್.
ಬರುವ ವರ್ಷ, ಅಂದೆ. ಮುನಿಸಿಕೊಂಡ. ಇನ್ನೂ ಮುನಿಸೇ.

"ಜೀವ ಇರುವಾಗಲೇ ಪಾಲು ಹಂಚುವುದೇ?" ಅಂದಳು ಗುಲಾಬಿ,
ರೂವಿಯ ಅಡುಗೆಮನೆಯಿಂದ, ಮೀನು ಹೆಚ್ಚುತ್ತ.
ಅವಳ ತವರಿನಲ್ಲಿ ಪಾಲೆಂದರೆ ಅಂಗಳದ ನಡುವೆ ಗೋಡೆ,
ಒಂದೇ ಬಾವಿಗೆ ಎರಡು ರಾಟೆ.
ಪಾಲು ಕೊಡದೆ ಪಾಲುದಾರ ಎಲ್ಲಿಂದ ಬರಬೇಕು ಮಾರಾಯ್ತಿ,
ಅನ್ನಬೇಕೆಂದುಕೊಂಡೆ. ಅವಳ ಕೈಯಲ್ಲಿ ಕತ್ತಿ ಇತ್ತು.

ಸರ್ಕಾರಿ ಕೌಂಟರಿನಲ್ಲಿ, ಬಲದಿಂದ ಎಡಕ್ಕೆ ಓಡುವ ಕಾಗದಕ್ಕೆ
ಎಡದಿಂದ ಬಲಕ್ಕೆ ನನ್ನ ಸಹಿ ಎಳೆಯುತ್ತಿದ್ದಾಗ
ಐವತ್ತೆಂಟು ವರ್ಷ ಆಡಿದ ಮಾತು ಮೊದಲ ಸಲ ಕೇಳಿಸಿತು:
ಒಡೆಯ ಎನ್ನುವುದರ ಹೊಟ್ಟೆಯಲ್ಲೇ ಒಡೆ ಇದೆ.

ನಾಲ್ಕು ಬೋರ್ಡು, ನಾಲ್ಕು ಮೊಹರು.
ಮೊದಲ ಬೇಸಗೆ ಎಲ್ಲರೂ ನನ್ನ ಬಾಯ್ಲರಿಗೇ ಬಂದು ನಿಂತರು,
ಬಾಡಿಗೆ ಕಟ್ಟಿ, ರಸೀದಿ ಕೇಳಿ!
ಎರಡನೆಯ ಬೇಸಗೆಗೆ ಎಲ್ಲ ಸೇರಿ ಇನ್ನೂರು ಜನ,
ಮತ್ತು ಯಾರ ಬಟ್ಟೆಗೂ ಯಾರ ಗ್ರೀಸೂ ಇಲ್ಲ.

ಮೊನ್ನೆ ಸೀಬಿನ ಹೋಟೆಲಿನ ಟೆಂಡರು ಕೈಬಿಟ್ಟಿತು.
ಚಾದರಕ್ಕೆ ಏಳು ಬೈಸಾ ಕಡಿಮೆ ಹಾಕಿ ಗೆದ್ದವನು ಮುಕದ್ದಸ.
ಗಾಡಿಯಲ್ಲಿ ಎಸಿ ಹಾಕದೆ ಕೂತಿದ್ದೆ, ಎಷ್ಟೋ ಹೊತ್ತು.
ಏಳು ಬೈಸಾ. ಅದು ಎಲ್ಲಿ ಉಳಿಯಿತೆಂದು ನನಗೆ ಗೊತ್ತು:
ಕೊನೆಗೆ ಜಾಲಾಡಿದ ನೀರೇ ಮುಂದಿನ ಸರದಿಯ ಮೊದಲ ನೀರು.
ನಾನೇ ತೋರಿಸಿದ್ದು, ಅವನಿಗೆ ಮೀಸೆ ಬಾರದ ಕಾಲದಲ್ಲಿ.
ಬೈಯಲೆಂದು ಫೋನೆತ್ತಿ
ಯಂತ್ರದ ಬೆಲ್ಟಿನ ವಿಷಯ ಮಾತಾಡಿ ಇಟ್ಟೆ.

ಈಗ ನನ್ನಲ್ಲಿ ಮೂವತ್ತೆರಡು ಜನ.
ಶೆಡ್ಡು ಅರ್ಧ ಖಾಲಿ, ಕೂಗಿದರೆ ದನಿ ತಿರುಗಿ ಬರುತ್ತದೆ.
ಇವತ್ತು ಹೊಸಬನೊಬ್ಬ ಬಂದ, ನೇಪಾಳದ ಕಡೆಯವ.
ಹೆಸರು ಕೇಳಿದೆ. ಹೇಳಿದ.
ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ.
ಯಂತ್ರ ನಿಲ್ಲಿಸಿ, ಇನ್ನೊಮ್ಮೆ ಹೇಳು, ಅಂದೆ.